ಒಲೆಗಿಡುವ ಮುನ್ನ

ಹಳೆಯ ಮರವನ್ನು ಬಿಸಾಡುವ ರೂಢಿ ಮಾಕಣಿಯ ಸೀಮೆಯಲ್ಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಣ್ಣಿನ ಮಾಳಿಗೆಗಳು ಕುಸಿದಾಗಲೂ ಅವಶೇಷದಿಂದ ತೆಗೆದ ತೊಲೆ, ಜಂತೆಗಳು ಮರಳಿ ಬಳಕೆಗೆ ಬಂದವು. ಆ ಮರಕ್ಕೆ ಹುಳು, ಗೆದ್ದಲಿನ ಭಯವೊಂದೇ. ಗುಜರಿಯಿಂದ ಬರುವ ರೈಲು ಸ್ಲೀಪರು, ತಂತಿಕಂಬಗಳ ಮಾತು ಬೇರೆ. ಗೆದ್ದಲು ಮುಟ್ಟದಂತೆ ಅವುಗಳಿಗೆ ವಿಷವನ್ನೇ ಉಣಿಸಿರುವುದುಂಟು.

ಉಕ್ಕಿನ ಕೊಳವೆಯೊಳಗೆ ಮರವನ್ನಿಟ್ಟು, ಗಾಳಿಯನ್ನು ಹೀರಿ ತೆಗೆದು, ದ್ರಾವಣವನ್ನು ಒತ್ತಡದಿಂದ ಹೊಗಿಸುವುದು ಇದರ ಕ್ರಮ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ ದ್ರಾವಣವನ್ನು 1933ರಲ್ಲಿ ರೂಪಿಸಿದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. ಅಮೆರಿಕದಲ್ಲಿ 2003ರ ಕೊನೆಗೆ ಅದನ್ನು ಮನೆಬಳಕೆಯ ಮರದಿಂದ ಕೈಬಿಟ್ಟರು.

ಗುರುತಿಸುವುದು ಕಷ್ಟವಲ್ಲ. ತುದಿಯನ್ನು ಹೊಸದಾಗಿ ಕೊಯ್ದಾಗ ಅಂಚಿನ ಬಿಳಿಮರ ಹಸಿರಾಗಿಯೂ ಒಳಗಿನ ಚೇಗು ಸಹಜ ಬಣ್ಣದಲ್ಲಿಯೂ ಕಂಡರೆ ಅದು ತಾಮ್ರದ ಗುರುತು. ಮೈಮೇಲೆ ಸಾಲುಸಾಲಾಗಿ ಸಣ್ಣ ಸೀಳುಗಳಿದ್ದರೆ ಅವು ಔಷಧ ಇಳಿಯಲೆಂದು ಮಾಡಿದವು. ಕಪ್ಪು ಮೈ, ಡಾಂಬರಿನ ವಾಸನೆ ಇದ್ದರೆ ಅದು ಕ್ರಿಯೋಸೋಟ್ ಎಣ್ಣೆ. ಬಿಸಿಲು ಮಳೆಗೆ ಹಸಿರು ಮಾಸಿ ಬೂದುಬಣ್ಣ ತಾಳುವುದರಿಂದ ಮೇಲ್ಮೈಯನ್ನಷ್ಟೇ ನಂಬಲಾಗದು.

ಬೆಂಕಿ ಈ ಆರ್ಸೆನಿಕ್ಕನ್ನು ನಾಶಮಾಡದು. ಒಂದಂಶ ಹೊಗೆಯೊಡನೆ ರೊಟ್ಟಿ ಬಡಿಯುವವಳ ಉಸಿರನ್ನು ಸೇರುತ್ತದೆ; ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಪಾತ್ರೆ ತಿಕ್ಕುವುದೂ ಬದನೆಯ ಪಾತಿಗೆ ಚೆಲ್ಲುವುದೂ ಅದೇ ಬೂದಿಯನ್ನು. ಸಂದೇಹದ ಮರ ಬೇಲಿಗೂಟವಾಗಿಯೇ ಇರಲಿ. ಒಲೆಗೂ ದನದ ಗೋದಲಿಗೂ ಬಾರದಿರಲಿ.