ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ!

ಈ ಗಾದೆ ಹುಟ್ಟಿದ್ದು ದುಡ್ಡಿನ ವ್ಯವಹಾರದಲ್ಲಿ ಇರಬಹುದು. ಆದರೆ ಅದು ಪೂರ್ತಿ ನಿಜವಾಗುವುದು ಪುಸ್ತಕದ ವ್ಯವಹಾರದಲ್ಲಿ. ಹೊಸಪೇಟೆಯ ಮೇನ್ ಬಜಾರಿನ ಯಾವ ವರ್ತಕನನ್ನು ಬೇಕಾದರೂ ಕೇಳಿ ನೋಡಿ. ನೂರು ರೂಪಾಯಿ ಉದ್ರಿ ಕೊಟ್ಟರೆ ಕೆಂಪು ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಡುತ್ತಾನೆ, ಬಾಕಿದಾರ ಬೀದಿಯಲ್ಲಿ ಕಂಡರೆ ಕೆಮ್ಮಿ ನೆನಪಿಸುತ್ತಾನೆ. ಅದೇ ಮನುಷ್ಯ ಮುನ್ನೂರು ರೂಪಾಯಿ ಕೊಟ್ಟು ತಂದ ಕಾದಂಬರಿಯನ್ನು "ಓದಿ ವಾಪಸ್ ಕೊಡ್ತೀನಿ ಬಿಡಣ್ಣಾ" ಎಂದ ದೋಸ್ತನ ಕೈಗೆ ಕೊಟ್ಟು ಕಳಿಸುತ್ತಾನೆ. ಲೆಕ್ಕವೂ ಇಲ್ಲ, ಗಡುವೂ ಇಲ್ಲ. ಆರು ತಿಂಗಳ ಮೇಲೆ ಕೇಳಿದರೆ, "ಅದಾ? ಕಂಪ್ಲಿಗೆ ನಮ್ಮ ಷಡ್ಡಕ ತಗೊಂಡು ಹೋದ, ಭಾಳ ಚಲೋ ಐತಂತೆ!" ಎಂಬ ಉತ್ತರ. ಪುಸ್ತಕದ ಒಡೆಯ ತಾನಿನ್ನೂ ಅರ್ಧ ಓದಿದ್ದ ಪುಸ್ತಕವನ್ನು ಷಡ್ಡಕ ಮುಗಿಸಿದ ಸುದ್ದಿ ಕೇಳಿ ಖುಷಿಪಡಬೇಕು!

ಆದರೂ ಒಂದು ಮಾತು ಒಪ್ಪಬೇಕು. ಈ ಕೋಡಂಗಿಗಳು ಇರದಿದ್ದರೆ ಈ ಸೀಮೆಯಲ್ಲಿ ಓದು ಎಂಬುದು ಪರೀಕ್ಷೆಯ ಜೊತೆಗೇ ಮುಗಿದುಹೋಗುತ್ತಿತ್ತು. ಮೇಷ್ಟ್ರು ಹೇಳಿದರೆಂದು ಓದಿದವರು ಕಡಿಮೆ, ಪ್ರಶಸ್ತಿ ಬಂತೆಂದು ಓದಿದವರು ಇನ್ನೂ ಕಡಿಮೆ. ಟೀ ಕುಡಿಯುತ್ತಾ ಗೆಳೆಯನೊಬ್ಬ "ಇದೊಂದು ಓದಿ ನೋಡ್ರಿ, ರಾತ್ರಿ ನಿದ್ದಿ ಬರಲಿಲ್ಲ" ಎಂದನಲ್ಲ, ಆ ಮಾತಿಗೆ ಓದಿದವರೇ ಹೆಚ್ಚು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ಹೆಮ್ಮೆಪಟ್ಟವರಲ್ಲಿ ಒಂದು ಕತೆಯನ್ನಾದರೂ ಓದಿದವರು ಎಷ್ಟು ಮಂದಿ ಎಂಬ ಲೆಕ್ಕ ತೆಗೆಯದಿರುವುದೇ ಮೇಲು.

ಒಂದೇ ಪುಸ್ತಕ ಮನುಷ್ಯನನ್ನು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಈಗಿನ ವಿಜಯನಗರ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರಿಗೆ ಮೊದಮೊದಲು ಕನ್ನಡ ಪುಸ್ತಕವೆಂದರೆ ತಾತ್ಸಾರ. ಕನ್ನಡದಲ್ಲಿ ಓದುವಂಥದ್ದು ಏನಿದೆ ಎಂಬ ಧೋರಣೆ. ಅ.ನ.ಕೃ. ಅವರ 'ಸಂಧ್ಯಾರಾಗ' ಕೈಗೆ ಸಿಕ್ಕಿತು. ಓದಿದರು. ಧೋರಣೆ ತಲೆಕೆಳಗಾಯಿತು. ಅವರೇ ಮುಂದೆ ಬೀಚಿ ಎಂಬ ಹೆಸರಿನಲ್ಲಿ ಕನ್ನಡ ನಾಡನ್ನೆಲ್ಲ ನಗಿಸಿದವರು, ತಿಂಮನನ್ನು ಸೃಷ್ಟಿಸಿದವರು. ಆ ಒಂದು ಕಾದಂಬರಿ ಅವರ ಕೈಗೆ ಬಾರದೆ ಯಾರದೋ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ? ತಿಂಮ ಹುಟ್ಟುತ್ತಲೇ ಇರಲಿಲ್ಲವೇನೋ.

ಇನ್ನು ಓದಿನಲ್ಲೂ ಮಡಿ ಮೈಲಿಗೆ ಮಾಡುವವರು ಒಂದಷ್ಟು ಜನ ಇದ್ದಾರೆ. "ಏನ್ರೀ, ಪತ್ತೇದಾರಿ ಓದ್ತೀರಾ?" ಎಂದು ಮೂಗು ಮುರಿಯುತ್ತಾರೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಠೇವಣಿ ಇಟ್ಟುಕೊಂಡು ದಿನಕ್ಕಿಷ್ಟು ಪೈಸೆ ಎಂದು ಬಾಡಿಗೆಗೆ ಕಾದಂಬರಿ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಕರ್ನಾಟಕದ ಊರೂರಲ್ಲಿ ಇದ್ದವು. ಅಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಸರದಿ, ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರಿಗೆ ಇನ್ನೂ ದೊಡ್ಡ ಸರದಿ. ಒಂದು ಪುಸ್ತಕ ಒಂದು ಮನೆಗೆ ಬಂದರೆ ಪಕ್ಕದ ಮೂರು ಮನೆಯ ಹೆಣ್ಣುಮಕ್ಕಳು ಓದಿಯೇ ಅದು ಹಿಂದಕ್ಕೆ ಹೋಗುತ್ತಿದ್ದುದು. ಬಾಡಿಗೆ ಒಬ್ಬರದು, ಓದು ನಾಲ್ವರದು! ಟಿ.ವಿ. ಬಂದ ಮೇಲೆ ಆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪುರುಷೋತ್ತಮನಿಂದ ಶುರು ಮಾಡಿದವನು ಒಂದು ದಿನ ತೇಜಸ್ವಿಯವರ 'ಕರ್ವಾಲೊ' ಹಿಡಿಯುತ್ತಾನೆ. ಮಡಿ ಮಾಡಿಕೊಂಡು ಕೂತವನು ಯಾವುದನ್ನೂ ಹಿಡಿಯುವುದಿಲ್ಲ.

ಹಂಪಿಯ ನೆಲಕ್ಕೆ ಪುಸ್ತಕದ ಜಗಳವೇನೂ ಹೊಸದಲ್ಲ. ರಾಘವಾಂಕ ದೇವರನ್ನು ಬಿಟ್ಟು ಹರಿಶ್ಚಂದ್ರನೆಂಬ ಅರಸನ ಮೇಲೆ ಕಾವ್ಯ ಬರೆದನೆಂದು ಸೋದರಮಾವ ಹರಿಹರ ಹಲ್ಲು ಉದುರುವಂತೆ ಹೊಡೆದ ಎಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ಕತೆ ನಿಜವೋ ಸುಳ್ಳೋ, ಪುಸ್ತಕವೊಂದು ಮನಸ್ಸಿಗೆ ಬರಲಿಲ್ಲವೆಂದು ಅಷ್ಟು ಸಿಟ್ಟು ಬರುವ ಓದುಗರು ಈಗ ಎಲ್ಲಿದ್ದಾರೆ? 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂದದ್ದೂ ಇದೇ ನೆಲಕ್ಕೆ. ಅದರ ಪ್ರಸಾರಾಂಗ ಅಚ್ಚು ಹಾಕಿದ ಪುಸ್ತಕಗಳು ಒಂದೆರಡಲ್ಲ. ನೆಂಟರು ಬಂದರೆ ಹೊಸಪೇಟೆಯವರು ಕಲ್ಲಿನ ರಥ ತೋರಿಸುತ್ತಾರೆ, ಡ್ಯಾಮು ತೋರಿಸುತ್ತಾರೆ. ವಿಶ್ವವಿದ್ಯಾಲಯದ ಪುಸ್ತಕ ತೋರಿಸಿದ್ದು ಕೇಳಿಲ್ಲ.

ಸಂಡೂರಿನ ಮಾತು ಬೇರೆ. ಸಂಡೂರೆಂದರೆ ಅದಿರು, ಲಾರಿ, ಕೆಂಪು ಧೂಳು ಎಂದಷ್ಟೇ ತಿಳಿದವರಿಗೆ ಹೇಳಬೇಕಾದ ಸಂಗತಿ: 1969ರಲ್ಲಿ ಅಲ್ಲಿ ಹುಟ್ಟಿದ ವಸುಧೇಂದ್ರ ಈಗ ಕನ್ನಡದಲ್ಲಿ ಜನ ಕಾದು ಓದುವ ಲೇಖಕರಲ್ಲೊಬ್ಬರು. 2019ರಲ್ಲಿ ಬಂದ ಅವರ 'ತೇಜೋ ತುಂಗಭದ್ರಾ' ಕಾದಂಬರಿಯ ಒಂದು ದಡ ಪೋರ್ಚುಗಲ್ಲಿನ ಲಿಸ್ಬನ್, ಇನ್ನೊಂದು ದಡ ಇದೇ ವಿಜಯನಗರದ ತುಂಗಭದ್ರೆ. ಅದು ಹಲವು ಮುದ್ರಣ ಕಂಡಿತು. ಬರೀ ಜಾಹೀರಾತಿನಿಂದ ಹಾಗಾಗುತ್ತದೆಯೇ? ಓದಿದವನು ಇನ್ನೊಬ್ಬನಿಗೆ ಹೇಳಿದ, ಅವನು ಮತ್ತೊಬ್ಬನಿಗೆ. ತಾನು ದಿನಾ ಬಸ್ಸಿನಲ್ಲಿ ದಾಟುವ ಹೊಳೆ ಕಾದಂಬರಿಯಲ್ಲಿ ಬಂದರೆ ಯಾರಿಗೆ ಓದಬೇಕೆನಿಸುವುದಿಲ್ಲ?

ಈಗ ಹೊಸ ರೋಗವೊಂದು ಅಂಟಿದೆ. ಪುಸ್ತಕ ಕೇಳಿದರೆ ವಾಟ್ಸಾಪಿನಲ್ಲಿ ಪಿ.ಡಿ.ಎಫ್. ಬಂದು ಬೀಳುತ್ತದೆ. ಇನ್ನೂರು ಜನರ ಗುಂಪಿಗೆ ಒಂದೇ ಏಟಿಗೆ! ಹಾಕಿದವನು ದಾನಶೂರ ಕರ್ಣ. ತೆರೆದು ಓದಿದವರು ಯಾರೂ ಇಲ್ಲ, ಕೈ ಮುಗಿದ ಚಿತ್ರ ಹಾಕಿದವರು ಐವತ್ತು ಮಂದಿ. ಬಹುಪಾಲು ಕನ್ನಡ ಪುಸ್ತಕಗಳ ಒಂದು ಮುದ್ರಣ ಸಾವಿರ ಪ್ರತಿ ದಾಟುವುದಿಲ್ಲ. ಅಂಥದ್ದರಲ್ಲಿ ಇನ್ನೂರು ಕಳ್ಳಪ್ರತಿ ಎಂದರೆ ಪ್ರಕಾಶಕನ ಹೊಟ್ಟೆಯ ಮೇಲೆ ಹೊಡೆದಂತೆ. ಇಲ್ಲಿರುವ ವ್ಯತ್ಯಾಸ ವರ್ತಕರಿಗೆ ಬೇಗ ಅರ್ಥವಾಗುತ್ತದೆ. ಎರವಲು ಪುಸ್ತಕಕ್ಕೆ ಯಾರೋ ಒಬ್ಬ ದುಡ್ಡು ಕೊಟ್ಟಿರುತ್ತಾನೆ, ಇಸಕೊಂಡವನಿಗೆ ರುಚಿ ಹತ್ತಿದರೆ ನಾಳೆ ಅವನೂ ಗಿರಾಕಿ. ಪಿ.ಡಿ.ಎಫ್. ಗಿರಾಕಿಯನ್ನು ಹುಟ್ಟಿಸುವುದಿಲ್ಲ, ಫೋನ್ ತುಂಬಿಸುತ್ತದೆ.

ಬಸ್ಸಿನವರ ಕಷ್ಟವೂ ಇದೆ. ಹೊಸಪೇಟೆಯಿಂದ ಸಂಡೂರಿಗೂ ಕಂಪ್ಲಿಗೂ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಹೋಗುತ್ತಾ ಬರುತ್ತಾ ಎರಡು ತಾಸು. ಸೀಟು ಸಿಕ್ಕರೆ ವಾರಕ್ಕೊಂದು ಪುಸ್ತಕ ಆರಾಮಾಗಿ ಮುಗಿಯುತ್ತದೆ. ಸಿಗಬೇಕಲ್ಲ! ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ಕಡೆ ಹೋಗುವವರು ಈ ದಡದಲ್ಲೇ ನಿಲ್ಲಬೇಕು. ಗಂಗಾವತಿಯ ಗೆಳೆಯನಿಗೆಂದು ಚೀಲದಲ್ಲಿಟ್ಟ ಪುಸ್ತಕವೂ ಈ ದಡದಲ್ಲೇ. ಅಂಚೆಯಲ್ಲಿ ಕಳಿಸೋಣವೆಂದರೆ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಇಲಾಖೆ 2024ರ ಡಿಸೆಂಬರಿನಲ್ಲಿ ಏಕಾಏಕಿ ನಿಲ್ಲಿಸಿತು. ಕೂಗಾಟ ಆದಮೇಲೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು. ಶುರುವಿನ ದರ 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಇದು ಗೊತ್ತಿಲ್ಲದೆ ಕೊರಿಯರಿಗೆ ಹೆಚ್ಚು ದುಡ್ಡು ಸುರಿಯುವವರು ಒಮ್ಮೆ ಅಂಚೆ ಕಚೇರಿಯ ಕಿಟಕಿಯಲ್ಲಿ ವಿಚಾರಿಸಲಿ.

ಎಲ್ಲಕ್ಕಿಂತ ದೊಡ್ಡ ಬಾಕಿಯ ವಿಚಾರಕ್ಕೆ ಬರೋಣ. ಆಸ್ತಿ ತೆರಿಗೆ ಕಟ್ಟಿದ ರಸೀದಿಯನ್ನು ವರ್ತಕರು ಕನ್ನಡಕ ಹಾಕಿಕೊಂಡು ಒಮ್ಮೆ ನೋಡಬೇಕು. ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲು ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದದ್ದು, ಈಗ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಮೂರು ಸಾವಿರ ತೆರಿಗೆ ಕಟ್ಟುವ ಅಂಗಡಿಯಿಂದ ವರ್ಷಕ್ಕೆ 180 ರೂಪಾಯಿ ಪುಸ್ತಕಕ್ಕೆಂದೇ ಹೋಗುತ್ತದೆ. ಓದಲಿ ಬಿಡಲಿ, ದುಡ್ಡು ಹೋಗಿಯೇ ಹೋಗುತ್ತದೆ. ಹೀಗೆ ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸಬೇಕು. ರಾಜ್ಯದ ಹಲವೆಡೆ ಇದು ದಾಟದೆ ಉಳಿಯುವುದು ಹಳೆಯ ದೂರು, ಬೆಂಗಳೂರು ಮಹಾನಗರ ಪಾಲಿಕೆಯ ಬಾಕಿಯಂತೂ ನೂರಾರು ಕೋಟಿಗೆ ಹೋಗಿತ್ತು. ಗೆಳೆಯ ಪುಸ್ತಕ ಇಸಕೊಂಡು ಕೊಡದಿದ್ದರೆ ನಾಲ್ಕು ಮಾತು ಬೈಯಬಹುದು. ಸರಕಾರವೇ ಈರಭದ್ರನಾದರೆ?

ಆದ್ದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಯ ಸ್ಥಳೀಯ ಸಂಸ್ಥೆಗಳು ಒಂದು ಕೆಲಸ ಮಾಡಲಿ. ಕಳೆದ ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು, ಗ್ರಂಥಾಲಯಕ್ಕೆ ದಾಟಿದ್ದು ಎಷ್ಟು ಎಂಬ ಎರಡು ಸಾಲನ್ನು ತೆರಿಗೆ ಕಟ್ಟುವ ಕಿಟಕಿಯ ಪಕ್ಕದ ಬೋರ್ಡಿನಲ್ಲಿ ಬರೆಯಲಿ. ಸೀಮೆಸುಣ್ಣದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಇನ್ನೊಂದು ಕೆಲಸ ಗ್ರಂಥಾಲಯ ಇಲಾಖೆಯದು. ಅಂಗಡಿಯವನು ಷಟರ್ ಎಳೆಯುವ ಹೊತ್ತಿಗೆ ಗ್ರಂಥಾಲಯದ ಬಾಗಿಲೂ ಮುಚ್ಚಿರುತ್ತದೆ. ಸಂಡೂರಿನ ಕೊನೆಯ ಬಸ್ಸಿಗೆ ಕಾಯುವವನಿಗೂ ಅದೇ ಗತಿ. ಕರ ಕಟ್ಟುವವರಿಗೆ ಮಾತ್ರ ಬಾಗಿಲು ಮುಚ್ಚಿರುವ ಈ ಏರ್ಪಾಡು ಯಾರ ಬುದ್ಧಿಯೋ! ವಾರದಲ್ಲಿ ಎರಡು ದಿನ ರಾತ್ರಿ ಒಂಬತ್ತೂವರೆಯ ತನಕ ತೆರೆದಿಟ್ಟು ನೋಡಲಿ. ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ ಎಂಬುದನ್ನು ಸಹಿ ಪುಸ್ತಕವೇ ಹೇಳುತ್ತದೆ.