ತೋರಿಕೆಗೆ ಆರೋಗ್ಯವಂತರಾದ ವಯಸ್ಕರಲ್ಲಿ ಹೃದ್ರೋಗದ ಅಪಾಯ: ತಪಾಸಣೆಯ ಮಹತ್ವ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ವರದಿಯಾದ ಹಠಾತ್ ಸಾವುಗಳು ರಾಜ್ಯದಾದ್ಯಂತ ಆತಂಕವನ್ನುಂಟುಮಾಡಿದವು. ರೋಗಲಕ್ಷಣಗಳಿಲ್ಲದವರೂ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲುಗಟ್ಟಿದರು. ಡಾ. ಕೆ.ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ಹೃದ್ರೋಗ ಪ್ರಕರಣಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಮಾಡಿತು. ಮೃತರಲ್ಲಿ ಹಲವರಿಗೆ ಧೂಮಪಾನ, ಅಧಿಕ ರಕ್ತದೊತ್ತಡ ಅಥವಾ ಮಧುಮೇಹದ ಹಿನ್ನೆಲೆ ಇದ್ದುದು ಕಂಡುಬಂದಿತು.

ಇಲ್ಲಿ ಗಮನಾರ್ಹ ಅಂಶವೊಂದಿದೆ. ಒಂದು ದಿನದ ಇ.ಸಿ.ಜಿ. ಸಹಜವಾಗಿದ್ದ ಮಾತ್ರಕ್ಕೆ ಮುಂದೆ ಅಪಾಯವಿಲ್ಲವೆಂದು ಭಾವಿಸಲಾಗದು. ರಕ್ತನಾಳಗಳು ಯಾವುದೇ ನೋವಿಲ್ಲದೆ ವರ್ಷಗಟ್ಟಲೆ ಕಿರಿದಾಗುತ್ತಾ ಹೋಗುತ್ತವೆ. ಅದಕ್ಕೆ ಕಾರಣವಾಗುವ ಅಂಶಗಳನ್ನು ಗುರುತಿಸಲು ರಕ್ತದೊತ್ತಡದ ಅಳತೆ, ರಕ್ತದ ಸಕ್ಕರೆ ಪರೀಕ್ಷೆ ಹಾಗೂ ತಂಬಾಕು ಸೇವನೆಯ ವಿಚಾರಣೆಯೇ ಮೊದಲ ಹೆಜ್ಜೆಯಾಗಿದೆ.

ಇದಕ್ಕಾಗಿ ಗದಗ ತಾಲ್ಲೂಕಿನ ಬಿಂಕದಕಟ್ಟಿಯಂತಹ ಗ್ರಾಮಗಳ ನಾಗರಿಕರು ದೂರದ ನಗರಗಳಿಗೆ ತೆರಳಬೇಕಾಗಿಲ್ಲ. ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತವಾಗಿದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಗೊಂಡ ಗೃಹ ಆರೋಗ್ಯ ಯೋಜನೆಯನ್ನು 2025ರಲ್ಲಿ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.

ಆದರೆ ತಪಾಸಣೆಯೊಂದೇ ಜೀವ ಉಳಿಸದು. ರಕ್ತದೊತ್ತಡವು ಪುನಃ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ವೈದ್ಯರ ಸಲಹೆ ಅಗತ್ಯ. ಆರಾಮವೆನಿಸಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವವರಿಗೆ ತಪಾಸಣೆಯ ಪ್ರಯೋಜನ ದೊರೆಯದು. ಎದೆನೋವು, ವಿಪರೀತ ಬೆವರು ಅಥವಾ ಉಸಿರಾಟದ ತೊಂದರೆ ಕಾಣಿಸಿಕೊಂಡವರು ತಪಾಸಣಾ ದಿನಕ್ಕೆ ಕಾಯದೆ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು.