ಹಳೆಯ ಸೇತುವೆಗೆ ಹೊಸ ಬಲ

ಮಳೆಗಾಲಕ್ಕೆ ಮುನ್ನವೇ ಮನೆಯ ಹೆಂಚನ್ನು ಕೈಯಾಡಿಸಬೇಕೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಈ ನೀತಿಯು ಮಹಾಸೇತುವೆಗಳಿಗೂ ಸಲ್ಲತಕ್ಕುದೆಂಬುದಕ್ಕೆ ದೃಷ್ಟಾಂತವಾಗಿ, ಅಮೆರಿಕಾದ ಸಾನ್‌ಫ್ರಾನ್ಸಿಸ್ಕೊ ನಗರದ ಗೋಲ್ಡನ್ ಗೇಟ್ ಸೇತುವೆಯ ವೃತ್ತಾಂತವನ್ನು ಈ ತಿಂಗಳು ನಿರೂಪಿಸುವೆವು.

1937ನೆಯ ಇಸವಿಯ ಮೇ ತಿಂಗಳಲ್ಲಿ ತೆರೆಯಲ್ಪಟ್ಟ ಈ ಉಕ್ಕಿನ ತೂಗುಸೇತುವೆಯ ಎರಡು ಗೋಪುರಗಳ ನಡುವಣ ಅಂತರವು 4,200 ಅಡಿ. 1964ರ ವರೆಗೂ ಜಗತ್ತಿನಲ್ಲಿ ಇದನ್ನು ಮೀರಿದ ತೂಗುಸೇತುವೆ ಇರಲಿಲ್ಲ. ಆದರೆ ಅದು ನಿಂತಿರುವುದು ಭೂಕಂಪಗಳ ಸೀಮೆಯಲ್ಲಿ; ಸಾನ್ ಆಂಡ್ರಿಯಾಸ್ ಎಂಬ ಭೂಸ್ತರದ ದೊಡ್ಡ ಬಿರುಕು ಕೆಲವೇ ಮೈಲಿಗಳ ಆಚೆ ಹಾದುಹೋಗಿದೆ.

1989ನೆಯ ಅಕ್ಟೋಬರ್ 17ರ ಸಂಜೆ ಅಲ್ಲಿ 6.9 ಪರಿಮಾಣದ ಭೂಕಂಪವಾಯಿತು. ಅದೇ ಕೊಲ್ಲಿಯ ಮೇಲೆ 1936ರಲ್ಲಿ ತೆರೆದಿದ್ದ ಬೇ ಸೇತುವೆಯ ಮೇಲಂತಸ್ತಿನ ಸುಮಾರು 50 ಅಡಿ ರಸ್ತೆಯು ಕಳಚಿ ಕೆಳಗೆ ಬಿದ್ದಿತು. ಪ್ರಯಾಣಿಕರೊಬ್ಬರು ಪ್ರಾಣವನ್ನು ಕಳೆದುಕೊಂಡರು. ಗೋಲ್ಡನ್ ಗೇಟಿಗೆ ಹಾನಿಯೇನೂ ತಟ್ಟಲಿಲ್ಲ. ಭೂಕಂಪದ ಕೇಂದ್ರವು ಅಲ್ಲಿಗೆ ಸುಮಾರು 60 ಮೈಲಿ ದೂರದಲ್ಲಿದ್ದಿತು. ಅದೇ ಸಮೀಪದಲ್ಲಿದ್ದಿದ್ದರೆ?

ಪಾರಾದೆವೆಂದು ಎಂಜಿನಿಯರುಗಳು ಸುಮ್ಮನಾಗಲಿಲ್ಲ. ಸೇತುವೆಯನ್ನು ಅಂಗಾಂಗವಾಗಿ ಪರೀಕ್ಷಿಸಿದರು. ಸಮೀಪದಲ್ಲಿ 7ಕ್ಕೆ ಮೇಲ್ಪಟ್ಟ ಕಂಪನವಾದರೆ ಹೆಚ್ಚಿನ ಅಪಾಯವಿದ್ದುದು ಮುಗಿಲೆತ್ತರದ ಗೋಪುರಗಳಿಗಲ್ಲ, ಯಾರ ಕಣ್ಣಿಗೂ ಬೀಳದ ಎರಡು ತುದಿಗಳ ಉಪಸೇತುವೆಗಳಿಗೆ. ನೀಳವಾದ ತೂಗುಭಾಗವು ಉಯ್ಯಾಲೆಯಂತೆ ನಿಧಾನವಾಗಿ ಬಳುಕಬಲ್ಲುದು. ಗಿಡ್ಡವೂ ಗಡುಸೂ ಆದ ಹರವುಗಳು ನೆಲದ ಒದೆತವನ್ನು ನೇರವಾಗಿ ತಾಳಬೇಕು.

ಇನ್ನಷ್ಟು ಉಕ್ಕನ್ನು ಸೇರಿಸಿ ಬಿಗಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ತೂಕವೂ ಬಿಗಿತವೂ ಹೆಚ್ಚಿದಷ್ಟೂ ಭೂಕಂಪವು ಕೊಡುವ ಪೆಟ್ಟು ಹೆಚ್ಚಾಗುವುದುಂಟು. ಆದುದರಿಂದ ತಡೆಯಬೇಕಾದಲ್ಲಿ ಬಲವನ್ನೂ, ಸರಿಯಬೇಕಾದಲ್ಲಿ ಸಡಿಲವನ್ನೂ ಕೊಡಬೇಕು. 1997ರಲ್ಲಿ ಆರಂಭವಾದ ಕೆಲಸದಲ್ಲಿ ಉತ್ತರದ ಉಪಸೇತುವೆಯ ತಳಪಾಯವನ್ನು ಬಲಪಡಿಸಿ, ಅದನ್ನು ಹೊತ್ತಿದ್ದ ನಾಲ್ಕು ಉಕ್ಕಿನ ಗೋಪುರಗಳನ್ನು ಹೊಸದಾಗಿ ನಿಲ್ಲಿಸಿ, ಅಡ್ಡಕಟ್ಟುಗಳನ್ನು ಸೇರಿಸಿದರು. ಭಾರವು ಕೂರುವೆಡೆಯಲ್ಲಿ ಕಂಪನವನ್ನು ಬೇರ್ಪಡಿಸುವ ಮೆತ್ತೆಗಳನ್ನಿಟ್ಟರು. ರಬ್ಬರನ್ನೂ ಉಕ್ಕಿನ ತೆಳುಹಾಳೆಗಳನ್ನೂ ಪದರಪದರವಾಗಿ ಜೋಡಿಸಿ ಇಂತಹ ಮೆತ್ತೆಗಳನ್ನು ಸಾಮಾನ್ಯವಾಗಿ ಮಾಡುವರು. ಅವು ಮೇಲಿನ ಭಾರವನ್ನು ಹೊರುವುವು. ನೆಲವು ಪಕ್ಕಕ್ಕೆ ಎಳೆದಾಗ ತಾವು ಓರೆಯಾಗಿ, ಆ ಎಳೆತದ ಬಹುಭಾಗವನ್ನು ಮೇಲಕ್ಕೆ ಬಿಡವು. ತೂಗುವ ಮುಖ್ಯಭಾಗದ ಕೆಲಸವನ್ನು ಕಡೆಯ ಹಂತಕ್ಕೆ ಇಟ್ಟುಕೊಂಡರು.

ಬೆರಗಿನ ಸಂಗತಿಯೆಂದರೆ, ಮೇಲೆ ಎಂದಿನಂತೆ ಜನರು ಕಚೇರಿಗೂ ಮನೆಗೂ ಹೋಗಿಬರುತ್ತಿರಲು ಕೆಳಗೆ ಹಳೆಯ ಕಾಲುಗಳು ಹೋಗಿ ಹೊಸ ಕಾಲುಗಳು ಬಂದುವು. ಕೆಡಹಿ ಕಟ್ಟುವುದಕ್ಕಿಂತ ಬಲಪಡಿಸುವುದಕ್ಕೇ ವೆಚ್ಚ ಕಡಮೆಯೆಂದು ಅವರು ಮೊದಲೇ ಲೆಕ್ಕಹಾಕಿದ್ದರು.

ಕೆಟ್ಟುದನ್ನು ಎಲ್ಲರೂ ರಿಪೇರಿ ಮಾಡಿಸುವರು. ಕೆಡದೆ ಉಳಿದುದನ್ನು ಪರೀಕ್ಷಿಸಿ ನೋಡುವವರು ಕೆಲವರೇ. ನೆರೆಮನೆಯ ಗೋಡೆ ಬಿದ್ದ ದಿನ ನಮ್ಮ ಮನೆಯ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡುವುದು ಲೇಸೆಂದು ನಾವು ಭಾವಿಸುತ್ತೇವೆ.